ವಿಜಯಪುರದಂಥ ಬಿಸಿಲೂರಲ್ಲಿ ಪುಟ್ಟ ನಾಯಿಯನ್ನು ದಿನಾ ಹೇಗೆ ನೋಡಿಕೊಳ್ಳಬೇಕು?

ನೀವು ಕೇಳಿರುವುದು ಇಷ್ಟು: ವರ್ಗಾವಣೆಯಾಗಿ ಈಚೆಗೆ ವಿಜಯಪುರಕ್ಕೆ ಬಂದಿದ್ದೀರಿ. ಏಳು ತಿಂಗಳ ಪಾಮೇರಿಯನ್ ಇದೆ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ. ಅದು ಆರೋಗ್ಯವಾಗಿರಲು ದಿನಾ ಏನೇನು ಮಾಡಬೇಕು? ಮತ್ತೆ, ಅದು ನಿಮಗಿಂತ ಕೆಳಗಿನ ಮನೆಯ ಅಜ್ಜಿಯನ್ನೇ ಜಾಸ್ತಿ ಹಚ್ಚಿಕೊಂಡಿದೆ, ಏನು ಮಾಡಲಿ?

ಎರಡಕ್ಕೂ ನನ್ನ ಉತ್ತರ ಒಂದೇ. ದಿನಾ ಹದಿನೈದು ನಿಮಿಷ ಫೋನ್ ಬದಿಗಿಟ್ಟು ನೆಲದ ಮೇಲೆ ಕೂತುಕೊಳ್ಳಿ. ನಾಯಿಯ ಮೂಗಿನಿಂದ ಬಾಲದ ತುದಿವರೆಗೆ ನಿಧಾನ ಕೈಯಾಡಿಸಿ. ಅಜ್ಜಿ ಮಾಡುತ್ತಿರುವುದು ಬಹುಶಃ ಅದನ್ನೇ. ಕಟ್ಟೆ ಮೇಲೆ ಕೂತು ಅದನ್ನು ತೊಡೆ ಮೇಲೆ ಹಾಕಿಕೊಂಡು ಬೆನ್ನು ಸವರುತ್ತಾರೆ, ಮಾತಾಡಿಸುತ್ತಾರೆ, ಎಲ್ಲಿಗೂ ಎದ್ದು ಓಡುವ ಅವಸರ ಅವರಿಗಿಲ್ಲ. ನಾಯಿಗೆ ಅಷ್ಟೇ ಬೇಕು. ನಾಯಿ ಮತ್ತು ಅದರ ಒಡೆಯ ಒಬ್ಬರನ್ನೊಬ್ಬರು ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಹೆಚ್ಚುತ್ತದೆ ಅಂತ ಜಪಾನಿನ ಸಂಶೋಧಕರು 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದಿದ್ದರು. ತಾಯಿ-ಮಗುವಿನ ಬಾಂಧವ್ಯದಲ್ಲೂ ಕೆಲಸ ಮಾಡುವ ಹಾರ್ಮೋನು ಅದು. ಅದೇ ಹದಿನೈದು ನಿಮಿಷದಲ್ಲಿ ಕಾಯಿಲೆಯೂ ಮೊದಲೇ ಕೈಗೆ ಸಿಗುತ್ತದೆ. ಪುಟ್ಟ ನಾಯಿಯ ಮೈತುಂಬ ಕೂದಲು. ಒಳಗೇನಾಗಿದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ.

ನಾನು ಹೇಗೆ ಮಾಡುತ್ತೇನೆ ಹೇಳುತ್ತೇನೆ. ನಮ್ಮ ಮನೆಯಲ್ಲೂ ಇಂಥದ್ದೇ ಒಂದು ಬಿಳಿ ಸ್ಪಿಟ್ಜ್ ಇದೆ, ಚಿನ್ನಿ ಅಂತ. ನಮ್ಮ ಕಡೆ ಪಾಮೇರಿಯನ್ ಅಂತ ಕೊಡುವ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್, ನಿಮ್ಮದೂ ಅದೇ ಇರಬಹುದು. ಸಂಜೆ ಪರಸಿ (ನೆಲದ ಹಾಸುಗಲ್ಲು) ಮೇಲೆ ಹಳೆಯ ಕೌದಿ ಹಾಸಿ ಕೂರುತ್ತೇನೆ. ಕೌದಿ ಮಡಿಕೆ ಬಿಚ್ಚಿದ ಸದ್ದಿಗೇ ಬಂದು ಮಲಗುತ್ತಾಳೆ. ಮೊದಲು ಬಾಚಣಿಗೆ. ಈ ಜಾತಿಗೆ ಎರಡು ಪದರ ಕೂದಲು. ಮೇಲಿನದು ಉದ್ದ, ಒಳಗಿನದು ಹತ್ತಿಯ ಹಾಗೆ ಮೆತ್ತಗೆ. ಮೇಲೆ ಮೇಲೆ ಬಾಚಿದರೆ ಚೆಂದ ಕಾಣುತ್ತದೆ, ಒಳಗೆ ಗಂಟು ಕಟ್ಟಿರುತ್ತದೆ. ಕಿವಿಯ ಹಿಂದೆ, ಕಂಕುಳಲ್ಲಿ, ಹಿಂದೊಡೆಯ ಮೇಲೆ ಗಂಟು ಬೇಗ ಆಗುತ್ತದೆ. ಕೂದಲನ್ನು ಕೈಯಿಂದ ಎತ್ತಿ ಹಿಡಿದು, ಚರ್ಮ ಕಾಣುವ ಹಾಗೆ ಸಾಲು ಬಿಡಿಸಿ ಬಾಚಿ.

ಬಾಚಿದ ಮೇಲೆ ಕೈ. ಕಿವಿಯನ್ನು ಮಗುಚಿ ಒಳಗೆ ನೋಡಿ, ವಾಸನೆ ನೋಡಿ. ಹುಳಿ ವಾಸನೆ, ಕಂದು ಬಣ್ಣದ ಕೊಳೆ ಇದ್ದರೆ ಸೋಂಕು ಆಗಿರಬಹುದು. ನಾಲ್ಕೂ ಪಾದದ ಬೆರಳುಗಳ ಸಂದಿ ಬಿಡಿಸಿ ನೋಡಿ. ಕತ್ತಿನ ಪಟ್ಟಿಯ ಕೆಳಗೆ, ಬಾಲದ ಬುಡದಲ್ಲಿ ತಡಕಿ. ನೀವು ಹುಡುಕುತ್ತಿರುವುದು ಮುಖ್ಯವಾಗಿ ಉಣ್ಣಿಯನ್ನು. ಎಳ್ಳಿನಷ್ಟಿರುವುದು ರಕ್ತ ಹೀರಿ ಶೇಂಗಾ ಬೀಜದಷ್ಟಾಗುತ್ತದೆ. ನಾಯಿ ಉಣ್ಣಿಯಿಂದ ಎರ್ಲಿಕಿಯಾ, ಬಬೀಸಿಯಾ ಅನ್ನುವ ಜ್ವರಗಳು ಬರುತ್ತವೆ. ಊಟ ಬಿಡುವುದು, ಮಂಕಾಗುವುದು, ಒಸಡು ಬಿಳಚಿಕೊಳ್ಳುವುದು ಲಕ್ಷಣ. ಐದು ಕಿಲೋ ನಾಯಿಯಲ್ಲಿ ಇರುವ ರಕ್ತವೇ ಕಡಿಮೆ, ತಡ ಮಾಡಿದರೆ ಜೀವಕ್ಕೇ ಬರುತ್ತದೆ. ಉಣ್ಣಿ ಸಿಕ್ಕರೆ ಚಿಮಟಿಗೆಯಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಒಂದು ಹೆಣ್ಣು ಉಣ್ಣಿ ಕೆಳಗೆ ಉದುರಿ ಗೋಡೆಯ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಮ್ಮೂರ ಹಳೆಯ ಕಲ್ಲಿನ ಮನೆಗಳಲ್ಲಿ ಸಂದಿಗೇನು ಕಡಿಮೆ? ಹಾಗಾಗಿ ನಾಯಿಯ ಹಾಸಿಗೆ, ಗೋಡೆಯ ಮೂಲೆ ಎರಡನ್ನೂ ನೋಡುತ್ತಿರಿ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನಮ್ಮ ಭಾಗದಲ್ಲಿ ದನ-ಎಮ್ಮೆ ಇರುವ ಮನೆ ಜಾಸ್ತಿ. ದನದ ಉಣ್ಣಿಗೆ ಹಚ್ಚುವ ಔಷಧಿ ಬಾಟಲಿ ಯಾರಾದರೂ ಪ್ರೀತಿಯಿಂದಲೇ ತಂದುಕೊಡುತ್ತಾರೆ. ದಯವಿಟ್ಟು ಹಚ್ಚಬೇಡಿ. ಅಂದಾಜಿನಲ್ಲಿ ಬೆರೆಸಿ ಪುಟ್ಟ ನಾಯಿಗೆ ಹಚ್ಚಿದರೆ ವಿಷವಾಗಿ ನಡುಕ, ಫಿಟ್ಸ್ ಬರಬಹುದು. ಡಾಕ್ಟರ್ ತೂಕ ನೋಡಿ ಕೊಡುವ ಡ್ರಾಪ್ಸ್ ಅಥವಾ ಮಾತ್ರೆಯೇ ಸರಿ.

ಕೊನೆಗೆ ಬಾಯಿ. ಪುಟ್ಟ ನಾಯಿಗಳ ದೊಡ್ಡ ಕಷ್ಟ ಹಲ್ಲಿನದು. ಸಣ್ಣ ದವಡೆಯಲ್ಲಿ ದೊಡ್ಡ ನಾಯಿಯಷ್ಟೇ ಹಲ್ಲುಗಳು ಒತ್ತಿಕೊಂಡು ಕೂತಿರುತ್ತವೆ. ಸಂದಿಯಲ್ಲಿ ಕೊಳೆ ನಿಂತು ಕೆಲವೇ ದಿನದಲ್ಲಿ ಗಟ್ಟಿ ಪಾಚಿಯಾಗುತ್ತದೆ. ನಿಮ್ಮದಕ್ಕೆ ಈಗ ಏಳು ತಿಂಗಳಲ್ವಾ, ಇವತ್ತೇ ತುಟಿ ಎತ್ತಿ ಕೋರೆಹಲ್ಲು ನೋಡಿ. ಒಂದೇ ಜಾಗದಲ್ಲಿ ಎರಡು ಕೋರೆ ಅಕ್ಕಪಕ್ಕ ಇದ್ದರೆ, ತೆಳ್ಳಗಿರುವುದು ಹಾಲುಹಲ್ಲು. ಈ ಹೊತ್ತಿಗೆ ಅದು ಬಿದ್ದಿರಬೇಕಿತ್ತು. ಸಣ್ಣ ಜಾತಿಗಳಲ್ಲಿ ಹಾಗೆ ಉಳಿದುಕೊಳ್ಳುವುದು ಸಾಮಾನ್ಯ, ಆದರೆ ಡಾಕ್ಟರಿಂದ ತೆಗೆಸಬೇಕು. ಹಲ್ಲು ತಿಕ್ಕಲು ಮೊದಲ ವಾರ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಒರೆಸಿ, ಸಾಕು. ಆಮೇಲೆ ಮಕ್ಕಳ ಮೆತ್ತನೆಯ ಬ್ರಷ್, ನಾಯಿಗೆಂದೇ ಮಾಡಿದ ಪೇಸ್ಟ್. ನಮ್ಮ ಪೇಸ್ಟ್ ಬೇಡ. ನಾಯಿ ಉಗುಳುವುದಿಲ್ಲ, ನುಂಗುತ್ತದೆ. ಅದರಲ್ಲಿರುವ ಫ್ಲೋರೈಡ್, ಕೆಲವದರಲ್ಲಿರುವ ಕ್ಸೈಲಿಟಾಲ್ ಅನ್ನುವ ಸಿಹಿ ಪದಾರ್ಥ ಅದಕ್ಕೆ ವಿಷ. 'ಅಯ್ಯ, ನಾಯಿಗೂ ಹಲ್ಲು ತಿಕ್ಕತೀರೇನ್ರಿ ಅಕ್ಕಾರ?' ಅಂತ ನಮ್ಮ ಓಣಿಯಲ್ಲಿ ಕೇಳಿದವರಿದ್ದಾರೆ. ಹೂಂ ರೀ, ತಿಕ್ಕತೀನಿ. ಹಲ್ಲು ಕೆಟ್ಟು ಊಟ ಬಿಟ್ಟ ಮುದಿ ನಾಯಿಯನ್ನು ನೋಡಿದವರು ಯಾರೂ ಈ ಪ್ರಶ್ನೆ ಕೇಳುವುದಿಲ್ಲ.

ಒಂದೇ ದಿನ ಇದನ್ನೆಲ್ಲ ಮಾಡಲು ಹೋಗಬೇಡಿ. ಮೊದಲು ಬೆನ್ನು ಸವರುವುದು, ನಾಲ್ಕು ದಿನ ಬಿಟ್ಟು ಪಾದ ಮುಟ್ಟುವುದು, ಆಮೇಲೆ ಬಾಯಿ. ಮುಟ್ಟಿಸಿಕೊಂಡಾಗಲೆಲ್ಲ ಬೇಯಿಸಿದ ಕೋಳಿಯ ಚೂರು ಕೊಡಿ. ಮುಖ ತಿರುಗಿಸಿದರೆ, ತುಟಿ ನೆಕ್ಕಿದರೆ ಸಾಕಾಯಿತು ಅಂತ ಅರ್ಥ, ಬಿಟ್ಟುಬಿಡಿ. ಬೇಡ ಅಂದಾಗ ಬಿಡುತ್ತಾರೆ ಅಂತ ಗೊತ್ತಾದ ನಾಯಿ ಮರುದಿನ ತಾನಾಗಿಯೇ ಬರುತ್ತದೆ.

ಊಟದ ವಿಷಯಕ್ಕೆ ಬರೋಣ. ವಿಜಯಪುರದಲ್ಲಿ ನಾಯಿ ಸಾಕುವವರು ಮೊದಲು ತಿಳಿಯಬೇಕಾದದ್ದು ದ್ರಾಕ್ಷಿ. ರಾಜ್ಯದಲ್ಲಿ ದ್ರಾಕ್ಷಿ ಹೆಚ್ಚು ಬೆಳೆಯುವ ಜಿಲ್ಲೆ ಇದು. ತಿಕೋಟಾ, ಬಬಲೇಶ್ವರ ಕಡೆ ಸಂಬಂಧಿಕರಿದ್ದರೆ ಮನೆಗೆ ಒಣದ್ರಾಕ್ಷಿ ಕಿಲೋಗಟ್ಟಲೆ ಬರುತ್ತದೆ. ಡಬ್ಬಿ ತೆರೆದೇ ಇರುತ್ತದೆ, ಮಕ್ಕಳ ಕೈಯಿಂದ ನೆಲಕ್ಕೆ ಬೀಳುತ್ತದೆ. ನಾಯಿಗೆ ದ್ರಾಕ್ಷಿ, ಒಣದ್ರಾಕ್ಷಿ ಎರಡೂ ವಿಷ, ಕಿಡ್ನಿ ಹಾಳಾಗುತ್ತದೆ. ಎಷ್ಟು ತಿಂದರೆ ಅಪಾಯ ಅನ್ನುವುದು ನಾಯಿಯಿಂದ ನಾಯಿಗೆ ಬೇರೆ, ಹಾಗಾಗಿ ಪುಟ್ಟ ನಾಯಿಗೆ ನಾಲ್ಕು ಕಾಳನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಇದಕ್ಕೆ ಕಾರಣ ಅಂತ ಈಚೆಗೆ ಪಶುವೈದ್ಯರು ಹೇಳುತ್ತಿದ್ದಾರೆ. ಹುಣಸೆಹಣ್ಣಿನಲ್ಲೂ ಅದು ಇದೆ, ಆದ್ದರಿಂದ ಹುಳಿ ಸಾರೂ ಬೇಡ. ತಿಂದದ್ದು ಕಂಡರೆ ವಾಂತಿ ಬರಲಿ ಅಂತ ಕಾಯಬೇಡಿ, ತಕ್ಷಣ ಡಾಕ್ಟರ್ ಹತ್ತಿರ ಓಡಿ.

ಉಳ್ಳಾಗಡ್ಡಿ, ಬಳ್ಳೊಳ್ಳಿ ಕೂಡ ಬೇಡ. ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಪಲ್ಯದ ರಸದಲ್ಲಿ ರೊಟ್ಟಿ ಅದ್ದಿ ಹಾಕುವುದು ಇಲ್ಲಿನ ರೂಢಿ, ಶೇಂಗಾ ಚಟ್ನಿಯಲ್ಲೂ ಬಳ್ಳೊಳ್ಳಿ ಇರುತ್ತದೆ. ಜೋಳದ ರೊಟ್ಟಿ ಸ್ವಲ್ಪ ತಿಂದರೆ ಏನೂ ಆಗುವುದಿಲ್ಲ. ಆದರೆ ಬರೀ ರೊಟ್ಟಿ-ಹಾಲಿನಲ್ಲಿ ಬೆಳೆಯುವ ಮರಿಗೆ ಬೇಕಾದ ಪ್ರೋಟೀನ್, ಕ್ಯಾಲ್ಸಿಯಂ ಸಿಗುವುದಿಲ್ಲ, ಹಾಲು ಹೆಚ್ಚಾದರೆ ಭೇದಿಯೂ ಆಗುತ್ತದೆ. ಒಂದು ವರ್ಷದವರೆಗೆ ಸಣ್ಣ ಜಾತಿಯ ಮರಿಗಳ ಆಹಾರವನ್ನೇ ಮುಖ್ಯವಾಗಿ ಕೊಡಿ. ಜೊತೆಗೆ ಬೇಯಿಸಿದ ಮೊಟ್ಟೆ, ಎಲುಬು ತೆಗೆದ ಕೋಳಿ. ಬೆಂದ ಎಲುಬು ಸೀಳಿ ಚೂಪಾಗುತ್ತದೆ, ಕರುಳು ಹರಿಯುತ್ತದೆ. ದಿನಕ್ಕೆ ಎರಡು ಅಥವಾ ಮೂರು ಸಲ, ಅದೇ ಹೊತ್ತಿಗೆ, ಅಳೆದು. ಐದು ಕಿಲೋ ನಾಯಿ ಅರ್ಧ ಕಿಲೋ ಹೆಚ್ಚಾದರೆ ಅರವತ್ತು ಕಿಲೋ ಮನುಷ್ಯ ಆರು ಕಿಲೋ ಹೆಚ್ಚಾದ ಲೆಕ್ಕ. ಪಕ್ಕೆಯ ಮೇಲೆ ಕೈಯಿಟ್ಟರೆ ಎಲುಬು ಬೆರಳಿಗೆ ತಿಳಿಯಬೇಕು. ಒತ್ತಿ ಹುಡುಕಬೇಕಾದರೆ ಊಟ ಜಾಸ್ತಿಯಾಗಿದೆ.

ಇನ್ನು ನಮ್ಮೂರ ಬಿಸಿಲು. ಏಪ್ರಿಲ್-ಮೇದಲ್ಲಿ ನಲವತ್ತು ಡಿಗ್ರಿ ದಾಟುತ್ತದೆ. ವಾಕಿಂಗ್ ಬೆಳಿಗ್ಗೆ ಏಳರೊಳಗೆ ಮುಗಿಯಬೇಕು, ಸಂಜೆ ಕತ್ತಲಾದ ಮೇಲೆ. ಹೊರಡುವ ಮುಂಚೆ ಅಂಗೈ ಹಿಂಭಾಗವನ್ನು ಡಾಂಬರಿನ ಮೇಲೆ ಏಳು ಸೆಕೆಂಡ್ ಇಡಿ. ನಿಮ್ಮ ಕೈಗೆ ತಡೆಯದಿದ್ದರೆ ಅದರ ಪಾದಕ್ಕೂ ತಡೆಯುವುದಿಲ್ಲ. ಪುಟ್ಟ ನಾಯಿಯ ಹೊಟ್ಟೆ ರಸ್ತೆಗೆ ಗೇಣು ದೂರದಲ್ಲಿರುತ್ತದೆ, ಕಾದ ನೆಲದ ಝಳ ನೇರ ಹೊಡೆಯುತ್ತದೆ. ಬೇಸಿಗೆ ಬಂತು ಅಂತ ಕೂದಲು ಬೋಳಿಸಬೇಡಿ. ಆ ಎರಡು ಪದರ ಬಿಸಿಲನ್ನು ತಡೆಯುತ್ತದೆ, ಬೋಳಿಸಿದರೆ ಚರ್ಮ ಸುಡುತ್ತದೆ, ಕೂದಲು ಮೊದಲಿನ ಹಾಗೆ ಬರದೆಯೂ ಇರಬಹುದು. ಚೆನ್ನಾಗಿ ಬಾಚಿದರೆ ಸಾಕು. ಮಧ್ಯಾಹ್ನ ಕರೆಂಟ್ ಹೋಗುವ ದಿನಗಳಲ್ಲಿ ಕೂಲರ್ ನಂಬಿಕೊಂಡು ಕೋಣೆಯಲ್ಲಿ ಕೂಡಿಹಾಕಬೇಡಿ. ನೆಲಮಹಡಿಯ ತಣ್ಣನೆ ಪರಸಿ, ಎರಡು ಕಡೆ ನೀರಿನ ಬಟ್ಟಲು ಇರಲಿ. ನಾಲಿಗೆ ಕಡುಕೆಂಪಾಗಿ ಏದುಸಿರು ನಿಲ್ಲದಿದ್ದರೆ, ತೂರಾಡಿದರೆ, ಸಾದಾ ತಣ್ಣೀರಲ್ಲಿ ಮೈ ತೋಯಿಸಿ, ಫ್ಯಾನ್ ಗಾಳಿ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ. ಐಸ್ ನೀರು ಬೇಡ.

ವಾಕಿಂಗ್‌ಗೆ ಕತ್ತಿನ ಪಟ್ಟಿಗೆ ಹಗ್ಗ ಕಟ್ಟಬೇಡಿ, ಎದೆಗೆ ಹಾಕುವ ಹಾರ್ನೆಸ್ ತನ್ನಿ. ಪಾಮೇರಿಯನ್‌ಗಳ ಶ್ವಾಸನಾಳ ಮೆತ್ತಗಿರುತ್ತದೆ, ಎಳೆದೆಳೆದು ಅದು ಕುಸಿಯುವುದುಂಟು. ಬಾತುಕೋಳಿ ಕೂಗಿದ ಹಾಗೆ ಕೆಮ್ಮಿದರೆ ಅದೇ ಇರಬಹುದು. ನಾನು ಬಾರಾಕಮಾನ್ ಹತ್ತಿರದ ಓಣಿಗಳಲ್ಲಿ ಸುಮ್ನೆ ನಿಧಾನ ನಡೆಸುತ್ತೇನೆ. ಎಷ್ಟು ದೂರ ಹೋದೆವು ಅನ್ನುವುದಕ್ಕಿಂತ ಎಷ್ಟು ಮೂಸಿತು ಅನ್ನುವುದು ಮುಖ್ಯ. ಪ್ರತಿ ಕಂಬದ ಹತ್ತಿರ ನಿಲ್ಲಲಿ ಬಿಡಿ. ಅವಸರ ಮಾಡಿ ಎಳೆದುಕೊಂಡು ಹೋದ ಅರ್ಧ ಗಂಟೆಗಿಂತ ಮೂಸಿ ಮೂಸಿ ನಡೆದ ಕಾಲು ಗಂಟೆಗೆ ಅದರ ಮನಸ್ಸು ತುಂಬುತ್ತದೆ. ದಿವಾನ್ ಮೇಲಿಂದ ಧುಮುಕುವುದನ್ನೂ ತಪ್ಪಿಸಿ, ಒಂದು ಮಣೆ ಇಡಿ. ನಡೆಯುವಾಗ ಹಿಂಗಾಲನ್ನು ಆಗಾಗ ಎತ್ತಿ ಕುಪ್ಪಳಿಸಿದರೆ ಮಂಡಿಚಿಪ್ಪು ಜಾರುತ್ತಿರಬಹುದು. ಪರಸಿ ಮೇಲೆ ಟಕ್ ಟಕ್ ಸದ್ದು ಕೇಳಿದರೆ ಉಗುರು ಕತ್ತರಿಸುವ ಸಮಯ ಬಂತು ಅಂತ ತಿಳಿಯಿರಿ. ಸ್ನಾನ ಮೂರು-ನಾಲ್ಕು ವಾರಕ್ಕೊಮ್ಮೆ ಸಾಕು, ನಾಯಿಯ ಶಾಂಪೂವಿನಲ್ಲಿ.

ನೀವಿಬ್ಬರೂ ಹೊರಗಿರುವ ಹೊತ್ತಿನ ಬಗ್ಗೆ. ಏಳು ತಿಂಗಳ ಮರಿ ಬೆಳಿಗ್ಗೆಯಿಂದ ಸಂಜೆವರೆಗೆ ಒಂಟಿಯಾಗಿ, ಮೂತ್ರ ಕಟ್ಟಿಕೊಂಡು ಇರುವುದು ಕಷ್ಟ. ಅಜ್ಜಿ ಇರುವುದು ನಿಮ್ಮ ಪುಣ್ಯ. ಅದು ಅವರನ್ನು ಹಚ್ಚಿಕೊಂಡಿದೆ ಅಂತ ಬೇಸರ ಮಾಡಿಕೊಳ್ಳಬೇಡಿ, ಮಧ್ಯಾಹ್ನ ಒಮ್ಮೆ ಹೊರಗೆ ಬಿಡಲು ಅವರನ್ನೇ ಕೇಳಿ. ಏನು ತಿನ್ನಿಸಬಾರದು ಅನ್ನುವುದನ್ನು ಮಾತ್ರ ಕೂತು ಹೇಳಿ. ಹಿರಿಯರು ಕೈತುತ್ತು ಕೊಡದೆ ಇರುವವರಲ್ಲ. ಹೊರಡುವಾಗ ಮುದ್ದು ಮಾಡಿ ದೊಡ್ಡ ಬೀಳ್ಕೊಡುಗೆ ಬೇಡ. ಹಳೆಯ ಟವೆಲ್ ಮಡಿಕೆಯಲ್ಲಿ ಊಟದ ನಾಲ್ಕು ಕಾಳು ಅಡಗಿಸಿ ಕೊಟ್ಟು ಹೋಗಿ, ಹುಡುಕುತ್ತಾ ಇರುತ್ತದೆ. ಬಂದ ಮೇಲೆ ಕೈಕಾಲು ತೊಳೆದು ಮೊದಲು ಅದರ ಹತ್ತಿರ ಕೂತುಬಿಡಿ, ಚಹಾ ಆಮೇಲೆ. ಗಂಡ-ಹೆಂಡತಿ ಕೆಲಸ ಹಂಚಿಕೊಳ್ಳಿ: ಒಬ್ಬರು ಬೆಳಗಿನ ವಾಕಿಂಗ್, ಒಬ್ಬರು ಸಂಜೆಯ ಬಾಚಣಿಗೆ. ಬರೀ ಊಟ ಹಾಕುವವರಿಗಿಂತ ಜೊತೆಗೆ ಏನಾದರೂ ಮಾಡುವವರನ್ನು ನಾಯಿ ಬೇಗ ನೆಚ್ಚಿಕೊಳ್ಳುತ್ತದೆ.

ಲಸಿಕೆಯ ಪುಸ್ತಕ ತೆಗೆದು ನೋಡಿ. ರೇಬೀಸ್ ಮತ್ತು ಪಾರ್ವೊ-ಡಿಸ್ಟೆಂಪರ್ ಲಸಿಕೆಗಳು ಈ ಹೊತ್ತಿಗೆ ಆಗಿರಬೇಕು, ಇಲ್ಲದಿದ್ದರೆ ಈ ವಾರವೇ ಹಾಕಿಸಿ. ರೇಬೀಸ್ ಲಕ್ಷಣ ಕಂಡ ಮೇಲೆ ಮನುಷ್ಯನಿಗೂ ನಾಯಿಗೂ ಔಷಧಿ ಇಲ್ಲ. ಜಂತುಹುಳದ ಔಷಧಿಯ ದಿನಾಂಕವನ್ನೂ ಕೇಳಿ ಬರೆದುಕೊಳ್ಳಿ. ಜ್ವರ ಬಂದರೆ ಮನೆಯ ಡೋಲೊ, ಕ್ರೋಸಿನ್ ಮುರಿದು ಕೊಡಬೇಡಿ. ನಾಯಿಯ ಮೈಶಾಖ ಸಹಜವಾಗಿಯೇ 101ರಿಂದ 102.5 ಫ್ಯಾರನ್‌ಹೀಟ್ ಇರುತ್ತದೆ, ನಮ್ಮ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಆರೋಗ್ಯವಾಗಿರುವಾಗಲೇ ಒಸಡಿನ ಬಣ್ಣ ನೋಡಿಟ್ಟುಕೊಳ್ಳಿ, ನಿದ್ದೆಯಲ್ಲಿ ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿಟ್ಟುಕೊಳ್ಳಿ. ಮೂವತ್ತರೊಳಗೆ ಇರಬೇಕು.

ಇಲ್ಲಿ ಪಶುವೈದ್ಯರು ಹೆಚ್ಚಾಗಿ ದನ, ಎಮ್ಮೆ, ಕುರಿ ನೋಡುವವರು. ಪುಟ್ಟ ನಾಯಿಗಳನ್ನು ದಿನಾ ನೋಡುವ ಡಾಕ್ಟರ್ ಯಾರು, ರಾತ್ರಿ ಮತ್ತು ಭಾನುವಾರ ಯಾರು ಸಿಗುತ್ತಾರೆ ಅಂತ ಈಗಲೇ ವಿಚಾರಿಸಿ. ಕಾಯಿಲೆ ಇಲ್ಲದ ದಿನವೇ ಒಮ್ಮೆ ಕರೆದುಕೊಂಡು ಹೋಗಿ ತೂಕ ಮಾಡಿಸಿ, ಆ ಕೋಳಿಯ ಚೂರು ಅಲ್ಲೂ ಕೊಡಿ. ಸೂಜಿ ಚುಚ್ಚುವ ಜಾಗ ಅನ್ನುವ ಹೆದರಿಕೆ ಕೂರುವ ಮೊದಲೇ ಆ ಮೇಜು, ಆ ವಾಸನೆ ಅದಕ್ಕೆ ರೂಢಿಯಾಗಲಿ. ಹಾಲುಹಲ್ಲನ್ನೂ ಅವತ್ತೇ ತೋರಿಸಿಬಿಡಿ.