ಊಟ ಬಿಟ್ಟರೂ ಬೆಳಗಿನ ಸಕ್ಕರೆ ಏಕೆ ಏರುತ್ತದೆ?

ಪ್ರಶ್ನೆ: ನನಗೆ 54 ವರ್ಷ. ಟೈಪ್ 2 ಮಧುಮೇಹಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮಲಗುವಾಗ 130 ಇದ್ದ ಸಕ್ಕರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 165 ತೋರಿಸುತ್ತದೆ. ರಾತ್ರಿಯ ಊಟವನ್ನೇ ಬಿಟ್ಟರೂ ಇಳಿದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಇದನ್ನು ನಿಮ್ಮ ತಪ್ಪೆಂದು ಭಾವಿಸಬೇಡಿ. ನಸುಕಿನಲ್ಲಿ ದೇಹವನ್ನು ಎಚ್ಚರಕ್ಕೆ ಅಣಿಗೊಳಿಸುವ ಕಾರ್ಟಿಸಾಲ್‌ನಂತಹ ಹಾರ್ಮೋನುಗಳ ಪ್ರಭಾವದಿಂದ ಯಕೃತ್ತು ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಟೈಪ್ 2 ಮಧುಮೇಹದಲ್ಲಿ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದ ಕಾರಣ, ಹಾಗೆ ಬಂದ ಗ್ಲೂಕೋಸ್ ರಕ್ತದಲ್ಲೇ ಉಳಿದುಬಿಡುತ್ತದೆ. ಊಟ ಬಿಡುವುದನ್ನು ಮಾತ್ರ ದಯವಿಟ್ಟು ಇಂದೇ ನಿಲ್ಲಿಸಿ. ಗ್ಲಿಮೆಪಿರೈಡ್‌ನಂತಹ ಮಾತ್ರೆ ನುಂಗಿ ಉಪವಾಸವಿದ್ದರೆ ನಿದ್ದೆಯಲ್ಲೇ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು, ಅದು ಬೆಳಗಿನ 165ಕ್ಕಿಂತ ಹೆಚ್ಚು ಅಪಾಯಕಾರಿ. ಬೇಗನೆ ಮಿತವಾಗಿ ಉಂಡು, ಬಳಿಕ ಹದಿನೈದು ನಿಮಿಷ ನಡೆಯಿರಿ. ಬೆರಳು ಚುಚ್ಚುವ ಮುನ್ನ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಹಣ್ಣು ಹೆಚ್ಚಿದಾಗ ಬೆರಳಿಗೆ ಅಂಟಿದ ರಸವೂ ಮೀಟರಿನ ಅಂಕಿಯನ್ನು ಏರಿಸುತ್ತದೆ. ಒಂದು ವಾರದ ಅಂಕಿಗಳನ್ನೂ, ಒಂದೆರಡು ದಿನ ರಾತ್ರಿ 3 ಗಂಟೆಗೆ ಎದ್ದು ನೋಡಿದ ಅಂಕಿಯನ್ನೂ ಬರೆದಿಟ್ಟುಕೊಂಡು, ಕಳೆದ ಎರಡು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ವರದಿಯೊಡನೆ ವೈದ್ಯರಿಗೆ ತೋರಿಸಿ. ಮಾತ್ರೆಯ ಪ್ರಮಾಣವನ್ನು ಅವರೇ ನಿರ್ಧರಿಸಲಿ.