ಒಂಬತ್ತನೇ ಪುಟದಿಂದ ಶುರುಮಾಡಿ

ಆತ್ಮೀಯರೇ,

ನೀವು ಪುಣೆಯಿಂದ ಕಳಿಸಿದ 'ದೂರದ ಬೇಟೆಗೆ ಯಾವ ಮ್ಯಾಗ್ನಮ್?' ಲೇಖನ ತಲುಪಿತು. ಅಮೆರಿಕದ ನಿಮ್ಮ ಭಾವ ಮ್ಯಾಗ್ನಮ್‌ಗೆ, ಅಂದರೆ ಹೆಚ್ಚು ಮದ್ದಿನ ಬಲವಾದ ತೋಟಾಕ್ಕೆ, ಬೇಟೆಕೋವಿ ಕಟ್ಟಿಸಿಕೊಂಡ ಕಥೆ. ಹದಿನಾಲ್ಕು ಪುಟ. ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ದಾದರ್ ಬರುವಷ್ಟರಲ್ಲಿ ಎಂಟು ಪುಟ ನಿಂತೇ ಓದಿದೆ. ಪಕ್ಕದವರು ತೋಟಾಗಳ ಚಿತ್ರ ನೋಡಿ ಒಂದಿಷ್ಟು ಸರಿದು ನಿಂತರು. ಬೆಳಗಿನ ಆ ಗಾಡಿಯಲ್ಲಿ ಅಷ್ಟು ಜಾಗ ಸಿಕ್ಕಿದ್ದು ನಿಮ್ಮ ಲೇಖನದಿಂದಾದ ಮೊದಲ ಉಪಕಾರ. ಹಾಗಂತ ಈ ರೂಪದಲ್ಲಿ ಅದನ್ನು ಹಾಕಲಾರೆ. 'ಸ್ಥಳಾಭಾವದಿಂದ' ಎಂದು ವಾಪಸು ಕಳಿಸಬಹುದಿತ್ತು, ಆದರೆ ಆ ಒಂಬತ್ತನೇ ಪುಟ ಬರೆದವರಿಗೆ ಹಾಗೆ ಮಾಡಲು ಮನಸ್ಸಾಗಲಿಲ್ಲ.

ಮೊದಲ ಎಂಟು ಪುಟಗಳಲ್ಲಿ ನಿಮ್ಮ ಭಾವ ಇಲ್ಲ, ನೀವೂ ಇಲ್ಲ. ಇರುವುದು ಬರೀ ತೂಕ, ವೇಗ, ಇಂಚು. ಶುರುವಾಗುವುದೇ 2009ರಲ್ಲಿ ಅಫ್ಘಾನಿಸ್ತಾನದಲ್ಲಿ ಬ್ರಿಟಿಷ್ ಸೈನಿಕನೊಬ್ಬ .338 ಲಾಪುವಾ ಮ್ಯಾಗ್ನಮ್ ತೋಟಾದಿಂದ 2,475 ಮೀಟರ್ ದೂರದ ಗುರಿ ಹೊಡೆದ ಕಥೆಯಿಂದ. ಸಂಗತಿ ನಿಜವೇ. ಆದರೆ ನಿಮ್ಮ ಭಾವ ಮೊಂಟಾನಾದಲ್ಲಿ ಎಲ್ಕ್ ಬೇಟೆಗೆ ಹೋಗುವವರು. (ಎಲ್ಕ್ ಅಂದರೆ ನಮ್ಮ ಕಡವೆಯ ಬಳಗದ, ಅದಕ್ಕಿಂತ ದೊಡ್ಡ ಪ್ರಾಣಿ ಅಂತ ಓದುಗರಿಗೆ ಹೇಳುವುದನ್ನೇ ಮರೆತಿದ್ದೀರಿ.) ಅವರು ಇದುವರೆಗೆ ಹೊಡೆದ ಅತಿ ದೂರದ ಈಡು 400 ಗಜ ಎಂದು ಹನ್ನೆರಡನೇ ಪುಟದಲ್ಲಿ ನೀವೇ ಒಪ್ಪಿಕೊಂಡಿದ್ದೀರಿ. ಆ ಸೈನಿಕನಿಗೂ ಇವರಿಗೂ ಏನು ಸಂಬಂಧ? ಕಿತ್ತುಹಾಕಿ.

ನನಗೆ ಕೋವಿಯ ಪರಿಚಯ ಆದದ್ದು ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಜೋಡುನಳಿಗೆಯಿಂದ. ಅಪ್ಪ ಅದನ್ನು ತೆಗೆಯುತ್ತಿದ್ದದ್ದು ಹೆಚ್ಚಾಗಿ ಅಡಿಕೆ ತೋಟಕ್ಕೆ ನುಗ್ಗುವ ಮಂಗಗಳನ್ನು ಹೆದರಿಸಲು. ತೋಟಾ ಬೇರೆ, ಗುಂಡು ಬೇರೆ, ಚರೆ ಬೇರೆ, ಮದ್ದು ಬೇರೆ ಅನ್ನುವುದು ಮನೆಯ ಮಕ್ಕಳಿಗೂ ಗೊತ್ತಿತ್ತು. ಮದ್ದು, ಗುಂಡು ಎಲ್ಲ ಸೇರಿದ್ದು ತೋಟಾ; ಅದರ ಮೂತಿಯಲ್ಲಿ ಕೂತು ಹಾರಿಹೋಗುವುದು ಮಾತ್ರ ಗುಂಡು. ನೀವು ಎಲ್ಲಕ್ಕೂ 'ಗುಂಡು' ಅಂದುಬಿಟ್ಟಿದ್ದೀರಿ. ಇದು ಪದದ ಮಡಿವಂತಿಕೆಯ ಮಾತಲ್ಲ. .300 ವಿನ್ಚೆಸ್ಟರ್ ಮ್ಯಾಗ್ನಮ್ ಮೇಲಿನ ದೊಡ್ಡ ದೂರು ಈ ವ್ಯತ್ಯಾಸ ತಿಳಿಯದೆ ಅರ್ಥವೇ ಆಗುವುದಿಲ್ಲ. 1963ರ ಆ ತೋಟಾದ ಕೊರಳು ಗಿಡ್ಡ. ಈಗಿನ ಉದ್ದ ಮೂತಿಯ ಗುಂಡನ್ನು ಮ್ಯಾಗಜಿನ್‌ಗೆ (ಕೋವಿಯಲ್ಲಿ ತೋಟಾ ತುಂಬುವ ಗೂಡಿಗೆ) ಹಿಡಿಸುವ ಹಾಗೆ ಕೂರಿಸಿದರೆ ಅದರ ಬುಡ ಒಳಕ್ಕಿಳಿದು ಮದ್ದಿನ ಜಾಗ ತಿನ್ನುತ್ತದೆ. .300 ಪಿಆರ್‌ಸಿ ಎಂಬ ಈಚಿನ ತೋಟಾ ಮಾಡಿದ್ದೇ ಅಂಥ ಉದ್ದನೆಯ ಗುಂಡುಗಳಿಗಾಗಿ, ಅದಕ್ಕೆ ಮ್ಯಾಗಜಿನ್ನೂ ಉದ್ದ ಬೇಕು. ಇಷ್ಟನ್ನು ನೀವು 'ಉದ್ದ ಗುಂಡು ಗಿಡ್ಡ ಗುಂಡಿನೊಳಗೆ ಇಳಿಯುತ್ತದೆ' ಎಂದು ಬರೆದಿದ್ದೀರಿ. ಮೂರು ಸಲ ಓದಿದೆ. ಇನ್ನು ಮ್ಯಾಗ್ನಮ್‌ಗೆ 'ಮಹಾತೋಟಾ', ಹೆಡ್‌ಸ್ಪೇಸ್‌ಗೆ 'ತಲೆಜಾಗ' ಇವೆಲ್ಲ ಬೇಡವೇ ಬೇಡ. ಮ್ಯಾಗ್ನಮ್ ಅನ್ನುವ ಹೆಸರು ಕೋವಿಯವರಿಗೆ ಸಿಕ್ಕಿದ್ದು ಶಾಂಪೇನಿನ ದೊಡ್ಡ ಬಾಟಲಿಯಿಂದ, ಅದಕ್ಕೆ ಮೈಸೂರು ಪೇಟ ತೊಡಿಸಬೇಡಿ. ಹೆಡ್‌ಸ್ಪೇಸ್ ಕೂಡ ಹಾಗೆಯೇ ಇರಲಿ. ಬೋಲ್ಟ್ (ನಳಿಗೆಯ ಹಿಂಬದಿಯ ಅಗುಳಿ) ಮುಚ್ಚಿದಾಗ ತೋಟಾ ಹಿಂದೆಮುಂದೆ ಆಡದಂತೆ ಕೂರುವ ಅಳತೆ ಅಂತ ಒಂದು ಸಾಲು ಸೇರಿಸಿದರೆ ಸಾಕು.

ಎರಡು ತಪ್ಪು ಮಾತ್ರ ಬಿಡುವಂತಿಲ್ಲ. ತೋಟಾದ ಬುಡದಲ್ಲಿ ಉಡಿದಾರದ ಹಾಗಿರುವ ಪಟ್ಟಿ ಬಲಕ್ಕಾಗಿ ಅಂದಿದ್ದೀರಿ. ಅಲ್ಲ. 1912ರ .375 ಹಾಲಂಡ್ ಅಂಡ್ ಹಾಲಂಡ್ ತೋಟಾದ ಹೆಗಲು (ಕೊರಳಿನ ಬುಡ) ಇಳಿಜಾರು, ಅದನ್ನು ನೆಚ್ಚಿ ತೋಟಾವನ್ನು ಅಳತೆಗೆ ನಿಲ್ಲಿಸುವುದು ಕಷ್ಟವಿತ್ತು, ಅದಕ್ಕೆ ಆ ಪಟ್ಟಿ. .300 ವಿನ್ಚೆಸ್ಟರ್‌ಗೆ ಅದು ಅಜ್ಜನಿಂದ ಬಂದ ಬಳುವಳಿ. ಇನ್ನೊಂದು, .338 ಲಾಪುವಾ ಕೂಡ .300 ವಿನ್ಚೆಸ್ಟರ್‌ನ ಬೋಲ್ಟ್‌ಗೇ ಕೂರುತ್ತದೆ ಅನ್ನುವುದು. ಕೂರುವುದಿಲ್ಲ. .300 ವಿನ್ಚೆಸ್ಟರ್‌ನ ಬುಡ .532 ಇಂಚು, ಲಾಪುವಾದ್ದು .588. ತೋಟಾ ಆರಿಸಿದವನು ಬೋಲ್ಟ್, ಅದು ಆಡುವ ಒಡಲಾದ ಆಕ್ಷನ್, ಮ್ಯಾಗಜಿನ್, ಗುಂಡನ್ನು ತಿರುಗಿಸುವ ನಳಿಗೆಯ ಒಳಸುರುಳಿ ಎಲ್ಲವನ್ನೂ ಅದರ ಜೊತೆಗೇ ಆರಿಸಿರುತ್ತಾನೆ. ಭಾವ ಆರು ತಿಂಗಳು ತಲೆ ಕೆಡಿಸಿಕೊಂಡದ್ದು ಇದಕ್ಕೇ ಅಲ್ಲವೇ?

ಈಗ ಒಂಬತ್ತನೇ ಪುಟ. ಭಾವನ ಗೆಳೆಯ .300 ಪಿಆರ್‌ಸಿ ಕೋವಿ ಹಿಡಿದು ಬೇಟೆಗೆ ಹೊರಟವರು ತೋಟಾದ ಪೆಟ್ಟಿಗೆಯನ್ನು ಮನೆಯಲ್ಲೇ ಮರೆತಿದ್ದಾರೆ. ದಾರಿಯ ಸಣ್ಣ ಊರಿನ ಅಂಗಡಿಯಲ್ಲಿ ಸಿಕ್ಕಿದ್ದು .30-06 ಮತ್ತು .300 ವಿನ್ಚೆಸ್ಟರ್ ತೋಟಾ ಮಾತ್ರ, ಎರಡೂ ಆ ಕೋವಿಗೆ ಆಗುವುದಿಲ್ಲ. ಎರಡು ದಿನ ಅವರು ಟ್ರಕ್ಕಿನಲ್ಲೇ ಕೂತು ಕಾಫಿ ಕುಡಿದರು. ಅಲ್ಲಿಯವರೆಗೆ ಲಾಪುವಾ, ಲಾಪುವಾ ಅನ್ನುತ್ತಿದ್ದ ಭಾವ ಮನೆಗೆ ಬಂದವರೇ ಕೋವಿ ಕಟ್ಟುವವನಿಗೆ ಫೋನ್ ಮಾಡಿ ಆರ್ಡರನ್ನು ಸಣ್ಣ ಊರಲ್ಲೂ ಸಿಗುವ .300 ವಿನ್ಚೆಸ್ಟರ್‌ಗೆ ಬದಲಿಸಿದರು. ನಿಮ್ಮ ಶೀರ್ಷಿಕೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ, ಎಂಟು ಪುಟದ ಕೋಷ್ಟಕಗಳಲ್ಲಿ ಇಲ್ಲ. ಇಲ್ಲಿಂದ ಶುರುಮಾಡಿ.

ಆಮೇಲೆ ನೇರ ಆ ಕೋವಿ ಕಟ್ಟುವವನ ಕಾರ್ಖಾನೆಗೆ ಹೋಗಿ. ಹನ್ನೊಂದನೇ ಪುಟದಲ್ಲಿ ಆತ ನಳಿಗೆಯೊಳಗೆ ಹೆಡ್‌ಸ್ಪೇಸ್ ಅಳೆಯುವ 'ಗೋ' ಗೇಜ್ ಇಟ್ಟು ಬೋಲ್ಟ್ ಹಿಡಿಯನ್ನು ಒಂದೇ ಬೆರಳಿನಿಂದ ಇಳಿಸುತ್ತಾನೆ, ಅದು ತಂತಾನೇ ಬೀಳುತ್ತದೆ. 'ನೋ-ಗೋ' ಇಟ್ಟಾಗ ಅರ್ಧಕ್ಕೆ ನಿಲ್ಲುತ್ತದೆ, ಅಂದರೆ ಅಳತೆ ಸರಿ. ಎರಡು ಗೇಜಿಗೂ ಇರುವ ಅಂತರ ಹೆಚ್ಚುಕಡಿಮೆ ಒಂದು ಹಾಳೆಯ ದಪ್ಪ. ಇದನ್ನು ನೀವು ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ! ಬೆರಳಿಗೆ ಎಣ್ಣೆ ಹತ್ತಿತ್ತೇ, ಹಿಡಿ ನಿಂತಾಗ ಸದ್ದು ಬಂತೇ, ಆತ ನಿಮ್ಮತ್ತ ನೋಡಿ ಏನಂದ? ಒಂದು ಪುಟ ಬರೆಯಿರಿ, ನಾನು ಒಂದಕ್ಷರ ಕತ್ತರಿಸುವುದಿಲ್ಲ.

ಅಂಕಿಗಳೆಲ್ಲ ಬೇಡ ಅನ್ನುತ್ತಿಲ್ಲ. ನೂರು ಗಜಕ್ಕೆ ಗುರಿ ಕೂಡಿಸಿದ ಇಂಥ .300 ಮ್ಯಾಗ್ನಮ್ ಕೋವಿಯಲ್ಲಿ ಸಾವಿರ ಗಜ ಹೋಗುವಷ್ಟರಲ್ಲಿ ಗುಂಡು ಸುಮಾರು ಏಳು ಮೀಟರ್ ಕೆಳಗಿಳಿದಿರುತ್ತದೆ. ನಿಮ್ಮ ಡೆಕ್ಕನ್ ಕಡೆಯ ಹಳೆಯ ಎರಡಂತಸ್ತಿನ ಬಂಗಲೆಯ ಸೂರಿನಿಂದ ನೆಲದವರೆಗೆ ಅನ್ನಿ, ಯಾರಿಗಾದರೂ ಕಣ್ಣಿಗೆ ಕಟ್ಟುತ್ತದೆ. ಇಳಿತ ಹೇಗೂ ಲೆಕ್ಕಕ್ಕೆ ಸಿಗುತ್ತದೆ. ಸಿಗದಿರುವುದು ಗಾಳಿ. ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಅದೇ ಗುಂಡನ್ನು ಒಂದೂವರೆ ಮೀಟರಿನಷ್ಟು ಪಕ್ಕಕ್ಕೆ ತಳ್ಳುತ್ತದೆ. ಉದ್ದ ಮೂತಿಯ ಗುಂಡಿಗೆ ಜನ ಮುಗಿಬೀಳುವುದು ಗಾಳಿಗೆ ಹೆದರಿ. ಈ ಎರಡು ಸಂಖ್ಯೆ ಇಟ್ಟುಕೊಂಡು ಉಳಿದದ್ದನ್ನು ಬಿಡಿ.

ಕೊನೆಯ ಪ್ಯಾರಾ ಪೂರ್ತಿ ಹೋಗಲಿ. 'ನಮ್ಮಲ್ಲೂ ಆಸಕ್ತರು ಇಂಥದೊಂದು ಮಾಡಿಸಿಕೊಳ್ಳಬಹುದು' ಎಂದರೆ ಓದಿದವರು ನಂಬಿಬಿಟ್ಟಾರು. 1972ರ ವನ್ಯಜೀವಿ ಕಾಯ್ದೆಯಡಿ ಇಲ್ಲಿ ಈಗ ಮೋಜಿನ ಬೇಟೆಯ ಮಾತೇ ಇಲ್ಲ, ಕೋವಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್ ಬೇಕು. ಪುಣೆಯನ್ನು ತರಲೇಬೇಕೆಂದಿದ್ದರೆ ನಿಮ್ಮ ಹಿಂಜವಡಿಗೆ ಹತ್ತಿರವೇ ಇರುವ ಬಾಲೇವಾಡಿ ರೇಂಜಿಗೆ ಒಂದು ಬೆಳಿಗ್ಗೆ ಹೋಗಿ ಬನ್ನಿ. ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು 50 ಮೀಟರ್ ರೈಫಲ್‌ನಲ್ಲಿ, ಪುಟಾಣಿ .22 ತೋಟಾದಿಂದ. ಭಾವನ ಕೋವಿ ನಿಮ್ಮ ಹೆಗಲನ್ನು ನೀಲಿ ಮಾಡಿದ್ದನ್ನು ಅದರ ಪಕ್ಕದಲ್ಲಿಟ್ಟು ನೋಡಿ.

ಐದು ಪುಟ ಸಾಕು, ದೀಪಾವಳಿ ಸಂಚಿಕೆಗೆ ಜಾಗ ಹಿಡಿದಿಡುತ್ತೇನೆ. ಬರೆಯಲು ಕೂರುವ ಮುಂಚೆ ಭಾವನಿಗೆ ಒಂದು ಫೋನ್ ಮಾಡಿ. ಆ ಎರಡು ದಿನ ಟ್ರಕ್ಕಿನಲ್ಲಿ ಕೂತಿದ್ದ ಗೆಳೆಯ, ಭಾವ ಸಂಜೆ ಬೇಟೆಯಿಂದ ವಾಪಸು ಬಂದಾಗ ಏನಂದರು ಅಂತ ಕೇಳಿ.

ನಿಮ್ಮ,
ಸಂಪಾದಕ