ಕ್ರಿಸ್‌ಮಸ್ ಬ್ಲೂಸ್ ಕೇಳಬೇಕೆಂದರೆ ಚಾರ್ಲ್ಸ್ ಬ್ರೌನ್ ಅವರಿಂದಲೇ ಶುರು ಮಾಡಿ
ಬ್ಲೂಸ್ ಅಮೆರಿಕದ ಕಪ್ಪು ಜನರ ದುಃಖದ ಸಂಗೀತ, ಕ್ರಿಸ್‌ಮಸ್ ಸಂಭ್ರಮದ ಹಬ್ಬ. ಇವೆರಡೂ ಹೇಗೆ ಕೂಡಿಕೊಂಡವು, ಯಾರಿಂದ ಕೇಳಲು ಶುರು ಮಾಡಬೇಕು ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಗೆ ನನ್ನಲ್ಲಿ ಒಂದೇ ಉತ್ತರವಿದೆ: ಗಾಯಕ, ಪಿಯಾನೊ ವಾದಕ ಚಾರ್ಲ್ಸ್ ಬ್ರೌನ್. ಅವರ ಕಥೆ ಹೇಳುತ್ತಾ ಹೋದರೆ ಮೊದಲನೆಯದಕ್ಕೂ ಉತ್ತರ ತಾನಾಗಿಯೇ ಸಿಗುತ್ತದೆ.

ಬ್ರೌನ್ ಹುಟ್ಟಿದ್ದು 1922ರಲ್ಲಿ, ಟೆಕ್ಸಾಸ್‌ನ ಕಡಲತೀರದ ಟೆಕ್ಸಾಸ್ ಸಿಟಿಯಲ್ಲಿ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡರು. ಸಾಕಿದ್ದು ಅಜ್ಜ ಅಜ್ಜಿ. ಶಾಸ್ತ್ರೀಯ ಪಿಯಾನೊ ಕಲಿತರು. ಆದರೆ ಓದಿದ್ದು ರಸಾಯನಶಾಸ್ತ್ರ. ಪ್ರೇರಿ ವ್ಯೂ ಕಾಲೇಜಿನಿಂದ ಪದವಿ ಪಡೆದು ಶಾಲೆಯಲ್ಲಿ ಪಾಠ ಹೇಳಿದರು, ಯುದ್ಧಕಾಲದಲ್ಲಿ ಅರ್ಕನ್ಸಾದ ಶಸ್ತ್ರಾಗಾರವೊಂದರಲ್ಲಿ ದುಡಿದರು, ಆಮೇಲೆ ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನ ಹಡಗುಕಟ್ಟೆಗೆ ಬಂದರು. ಅದೇ ಕಾಲಕ್ಕೆ ದಕ್ಷಿಣದ ವರ್ಣಭೇದವನ್ನು ಬಿಟ್ಟು ಲಕ್ಷಾಂತರ ಕಪ್ಪು ಜನರು ಕ್ಯಾಲಿಫೋರ್ನಿಯಾಕ್ಕೆ ಕೆಲಸ ಹುಡುಕಿಕೊಂಡು ಬಂದಿದ್ದರು. ಹಾಗೆ ಬಂದವರ ಕೈಗೆ ಸಂಬಳವೇನೋ ಬಂತು. ಅವರ ಹೆತ್ತವರು ಮಾತ್ರ ಲೂಸಿಯಾನಾದಲ್ಲೋ ಟೆಕ್ಸಾಸ್‌ನಲ್ಲೋ ಉಳಿದುಬಿಟ್ಟರು. ಡಿಸೆಂಬರ್ ಬಂತೆಂದರೆ ಆ ದೂರ ಎಷ್ಟೆಂದು ಪ್ರತಿಯೊಬ್ಬರಿಗೂ ತಿಳಿಯುತ್ತಿತ್ತು. ಕ್ರಿಸ್‌ಮಸ್ ಬ್ಲೂಸ್‌ಗೆ ಅಷ್ಟೊಂದು ಕಿವಿಗಳು ಕಾದಿದ್ದಕ್ಕೆ ಇದೇ ಕಾರಣವೆಂದು ನಾನು ನಂಬುತ್ತೇನೆ.

ಬ್ರೌನ್ ಅವರಿಗಿಂತ ಮುಂಚೆಯೂ ಇಂಥ ಹಾಡುಗಳಿದ್ದವು. ಬೆಸ್ಸಿ ಸ್ಮಿತ್ 1925ರಲ್ಲೇ ಒಂದನ್ನು ಹಾಡಿದ್ದರು. ಜೈಲಿನಲ್ಲಿ ಹಬ್ಬ ಕಳೆಯುವವನ ಪಾಡನ್ನು ಲೆರಾಯ್ ಕಾರ್ 1929ರಲ್ಲಿ ಹಾಡಿದರು. ಆದರೆ ಇವತ್ತಿಗೂ ಪ್ರತಿ ಡಿಸೆಂಬರ್‌ನಲ್ಲಿ ಕೇಳಿಬರುವುದು 1947ರ 'ಮೆರಿ ಕ್ರಿಸ್‌ಮಸ್ ಬೇಬಿ'. ಲಾಸ್ ಏಂಜಲೀಸ್‌ನ ಜಾನಿ ಮೂರ್ ಅವರ ತ್ರೀ ಬ್ಲೇಜರ್ಸ್ ತಂಡದ ಧ್ವನಿಮುದ್ರಿಕೆ ಅದು. ಗಾಯನ ಮತ್ತು ಪಿಯಾನೊ ಬ್ರೌನ್ ಅವರದು. 1945ರ 'ಡ್ರಿಫ್ಟಿಂಗ್ ಬ್ಲೂಸ್' ಆಗಲೇ ಅವರಿಗೆ ಹೆಸರು ತಂದಿತ್ತು.

ಆ ಕ್ರಿಸ್‌ಮಸ್ ಹಾಡಿನಲ್ಲಿ ಅಳು ಇಲ್ಲ. ಪ್ರೇಯಸಿ ಉಂಗುರ ಕೊಟ್ಟಿದ್ದಾಳೆ, ರೇಡಿಯೊದಲ್ಲಿ ಒಳ್ಳೆಯ ಸಂಗೀತ ಬರುತ್ತಿದೆ, ಬೆಳಿಗ್ಗೆಯಿಂದ ಒಂದು ಗುಟುಕೂ ಕುಡಿಯದೆ ಅವನು ಕ್ರಿಸ್‌ಮಸ್ ಮರದಂತೆ ಬೆಳಗುತ್ತಿದ್ದಾನೆ. ಬ್ಲೂಸ್ ಎಂದರೆ ಬರೀ ಗೋಳು ಎಂದುಕೊಂಡವರು ಇದನ್ನು ಮೊದಲು ಕೇಳಬೇಕು. ಅಷ್ಟು ಸುಖದ ಮಾತನ್ನು ಬ್ರೌನ್ ಅಷ್ಟು ತಗ್ಗಿದ ದನಿಯಲ್ಲಿ, ತಾರಕದತ್ತ ತಿರುಗಿಯೂ ನೋಡದೆ ಹಾಡುತ್ತಾರೆ. ಈ ಸುಖ ನಾಳೆಯೂ ಇರುತ್ತದೆಯೇ ಎಂಬ ಅನುಮಾನ ಆ ದನಿಯಲ್ಲೇ ಇದೆ. ರೇ ಚಾರ್ಲ್ಸ್ ಎಳೆಯ ವಯಸ್ಸಿನಲ್ಲಿ ಅನುಕರಿಸಿದ್ದು ಇದೇ ಶೈಲಿಯನ್ನು.

ನೋವಿನ ಸಂಗತಿಯೊಂದಿದೆ. ರಚನೆಕಾರರ ಜಾಗದಲ್ಲಿರುವುದು ಲೂ ಬ್ಯಾಕ್ಸ್‌ಟರ್ ಮತ್ತು ಜಾನಿ ಮೂರ್ ಅವರ ಹೆಸರು. ಹಾಡನ್ನು ತಿದ್ದಿ ಕಟ್ಟಿದವನು ತಾನೇ ಎಂದು ಬ್ರೌನ್ ಹೇಳುತ್ತಿದ್ದರು. ಓಟಿಸ್ ರೆಡ್ಡಿಂಗ್, ಎಲ್ವಿಸ್ ಪ್ರೆಸ್ಲಿ ಅಂಥವರೆಲ್ಲ ಅದನ್ನು ಹಾಡಿದಾಗಲೂ ಇವರ ಹೆಸರು ಆ ಜಾಗಕ್ಕೆ ಬರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ತೊಂಬತ್ತರ ದಶಕದಲ್ಲಿ ನಾನು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದೆ. ಅವರೂ ಆಗ ಅದೇ ಊರಿನಲ್ಲಿ ನೆಲೆಸಿದ್ದರು. ರಾಕ್ ಅಂಡ್ ರೋಲ್ ಬಂದ ಮೇಲೆ ಮಂಕಾಗಿದ್ದ ಅವರ ಹೆಸರು, ಗಾಯಕಿ ಬಾನಿ ರೇಟ್ ತಮ್ಮ ಪ್ರವಾಸಗಳಿಗೆ ಜೊತೆಗೆ ಕರೆದೊಯ್ದ ಮೇಲೆ ಮತ್ತೆ ಬೆಳಗಿತ್ತು. ರಜೆಗೆ ಜೊತೆಯ ಹುಡುಗರೆಲ್ಲ ಊರಿಗೆ ಹೋಗಿ ಕೋಣೆ ಖಾಲಿಯಾಗಿದ್ದ ಒಂದು ಡಿಸೆಂಬರ್ ಸಂಜೆ ಅವರ ಸಂಗೀತ ಕಛೇರಿಗೆ ಹೋದೆ. ಮಿರುಗುವ ಕೋಟು, ತಲೆಗೆ ಟೋಪಿ, ಎಪ್ಪತ್ತು ದಾಟಿದ ವಯಸ್ಸು. ಎಡಗೈ ಒಂದೇ ಹದದಲ್ಲಿ ನಡೆಯುತ್ತಿದ್ದರೆ ಬಲಗೈ ಸಾಲು ಸಾಲಿನ ನಡುವೆ ಇಣುಕಿ, ಎರಡು ಸ್ವರ ಉದುರಿಸಿ ಹಿಂದೆ ಸರಿಯುತ್ತಿತ್ತು. ಬೆರಳುಗಳಲ್ಲಿ ಆತುರವೇ ಇರಲಿಲ್ಲ.

ಅಂದು 'ಪ್ಲೀಸ್ ಕಮ್ ಹೋಮ್ ಫಾರ್ ಕ್ರಿಸ್‌ಮಸ್' ಕೂಡ ಹಾಡಿದರು. ಅದು ಅವರು ಜೀನ್ ರೆಡ್ ಜೊತೆ ಸೇರಿ ರಚಿಸಿ, 1960ರಲ್ಲಿ ಸಿನ್ಸಿನಾಟಿಯ ಕಿಂಗ್ ಧ್ವನಿಮುದ್ರಣ ಕಂಪನಿಗೆ ಹಾಡಿದ್ದು. ಮೂಲ ಮುದ್ರಿಕೆ ಚರ್ಚಿನ ಗಂಟೆಯ ನಾದದಿಂದ ಶುರುವಾಗುತ್ತದೆ, ನಂತರ ಪಿಯಾನೊ ಪ್ರತಿ ಎಣಿಕೆಗೂ ಮೂರು ಮೂರು ಪೆಟ್ಟು ಹಾಕುತ್ತದೆ. ಮೃದಂಗ ಕೇಳಿ ಬೆಳೆದ ನನ್ನ ಕಿವಿ ಅದನ್ನು ತಿಶ್ರ ನಡೆಯೆಂದು ತಕ್ಷಣ ಗುರುತಿಸಿತು. ಮನೆಯ ನೆನಪು ಒತ್ತರಿಸಿ ಬಂತು. ಕ್ರಿಸ್‌ಮಸ್‌ಗೆ ಆಗದಿದ್ದರೆ ಹೊಸ ವರ್ಷದ ರಾತ್ರಿಗಾದರೂ ಬಾ ಎಂದು ಹಾಡು ಬೇಡುವಾಗ ಅಕ್ಕಪಕ್ಕದ ಮೇಜಿನ ಹಿರಿಯರು ತುಟಿಯಲ್ಲೇ ಜೊತೆಗೂಡಿ ಹಾಡಿಕೊಳ್ಳುತ್ತಿದ್ದರು. ಮುಗಿದ ಮೇಲೆ ಹೋಗಿ ಕೈಕುಲುಕಿದೆ. ಆ ಕೈ ಬಲು ಮೃದುವಾಗಿತ್ತು.

1999ರ ಜನವರಿಯಲ್ಲಿ ಅವರು ಓಕ್ಲೆಂಡ್‌ನಲ್ಲಿ ತೀರಿಕೊಂಡರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಬಂದದ್ದು ಆ ಮಾರ್ಚ್‌ನಲ್ಲಿ. ಎರಡೇ ತಿಂಗಳ ಅಂತರ!

ನೀವು ಮೊದಲು 1947ರ ಮುದ್ರಿಕೆಯನ್ನು ಕೇಳಿ. ಡ್ರಮ್ ಇಲ್ಲದ ಆ ಪುಟ್ಟ ತಂಡದ ಸದ್ದಿಗೆ ಕಿವಿ ಹೊಂದಿಕೊಂಡ ಮೇಲೆ 1960ರದ್ದಕ್ಕೆ ಹೋಗಿ. ಹಬ್ಬದ ಹಾಡುಗಳನ್ನು ಮುಪ್ಪಿನಲ್ಲಿ ಅವರು ಹೇಗೆ ಹಾಡುತ್ತಿದ್ದರೆಂದು ತಿಳಿಯಲು 1994ರ 'ಕೂಲ್ ಕ್ರಿಸ್‌ಮಸ್ ಬ್ಲೂಸ್' ಆಲ್ಬಂ ಇದೆ. ನನ್ನ ಮನೆಯಲ್ಲಿ ಹೆಚ್ಚು ಸವೆದಿರುವ ಸಿ.ಡಿ. ಅದೇ. ದುಃಖವೇ ಬೇಕೆಂದರೆ ಫ್ರೆಡ್ಡಿ ಕಿಂಗ್ ಅವರ 'ಕ್ರಿಸ್‌ಮಸ್ ಟಿಯರ್ಸ್' ಹಾಕಿಕೊಳ್ಳಿ. ಅಲ್ಲಿ ಗಿಟಾರೇ ಅಳುತ್ತದೆ.